ಆಂಬುಲೆನ್ಸ್ ಹೊರಡುವ ಮುನ್ನ: ಊರಿಂದ ದೂರ ಇರುವವರಿಗೆ ಒಂದು ಪಾಠ

ಅಲ್ ನಹ್ದಾದಲ್ಲಿ ಮನೆ ಮಾಡಿದವರಿಗೆ ಮೊದಲ ದಿನದಿಂದಲೇ ಅಭ್ಯಾಸವಾಗುವ ಒಂದು ಪ್ರಶ್ನೆ ಇದೆ: "ಯಾವ ನಹ್ದಾ? ದುಬೈದಾ, ಶಾರ್ಜಾದಾ?" ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ, ಹೆಸರೂ ಒಂದೇ. ಟ್ಯಾಕ್ಸಿಯವರು ಕೇಳುತ್ತಾರೆ, ಡೆಲಿವರಿಯವರು ಕೇಳುತ್ತಾರೆ. ನಮ್ಮ ಫ್ಲ್ಯಾಟ್ ದುಬೈ ಕಡೆಯದು. ನಾಲ್ವರಿದ್ದೇವೆ. ನಾಲ್ವರೂ ಎಂಜಿನಿಯರಿಂಗ್ ಮುಗಿಸಿ ಈಗ ಮಾಸ್ಟರ್ಸ್ ಓದುತ್ತಿರುವವರು.

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮಲ್ಲೊಬ್ಬನಿಗೆ ಊರಿಂದ ಫೋನ್ ಬಂತು. ಅವನ ಅಪ್ಪ ನ್ಯುಮೋನಿಯಾ ಆಗಿ ಹೊನ್ನಾವರದ ಒಂದು ಆಸ್ಪತ್ರೆಯಲ್ಲಿದ್ದರು. ಉಸಿರಾಟ ಕಷ್ಟವಾಗುತ್ತಿದೆ, ಮಣಿಪಾಲಕ್ಕೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಪ್ಪ ಖಾಸಗಿ ಆಂಬುಲೆನ್ಸಿನವರ ಹತ್ತಿರ ಮಾತಾಡಿ ಇವನಿಗೆ ಫೋನ್ ಮಾಡಿದ್ದರು. "ತಮಾ, ಎಸಿ ಬೇಕಾ, ನಾನ್ ಎಸಿ ಸಾಕಾ ಅಂತ ಕೇಳ್ತಾ ಇದ್ದ. ಎಂತ ಹೇಳುದು?" ನಾವೆಲ್ಲ ಪಕ್ಕದಲ್ಲೇ ಕೂತಿದ್ದೆವು. "ಎಸಿದೇ ಮಾಡಿ ಚಿಕ್ಕಪ್ಪಾ, ದುಡ್ಡು ಈಗಲೇ ಹಾಕ್ತೇನೆ" ಅಂದ. ದುಡ್ಡು ಹಾಕಿದ್ದೂ ಆಯಿತು. ನಾವು ಮಾಡಿದ್ದು ಅಷ್ಟೇ.

ಕುಂದಾಪುರ ಹತ್ತಿರ ಬರುವಾಗ ಆಂಬುಲೆನ್ಸಿನ ಆಕ್ಸಿಜನ್ ಖಾಲಿಯಾಯಿತು. ಒಂದೇ ಸಿಲಿಂಡರ್ ಇತ್ತು. ದಾರಿಯಲ್ಲಿ ಸಿಕ್ಕಿದ ಒಂದು ಆಸ್ಪತ್ರೆಗೆ ಗಾಡಿ ತಿರುಗಿಸಿ, ಕಾಡಿ ಬೇಡಿ ಇನ್ನೊಂದು ಸಿಲಿಂಡರ್ ಹಾಕಿಸಿಕೊಂಡು ಹೋದರು. ಅಪ್ಪ ಉಳಿದರು. ಎಸಿ ಮಾತ್ರ ಚೆನ್ನಾಗಿತ್ತಂತೆ.

ನಮಗೆ ಆಮೇಲೆ ಕಾಡಿದ್ದು ಇದು: ಆ ರಾತ್ರಿ ಫೋನಿನ ಈ ಕಡೆ ನಾಲ್ವರು ಎಂಜಿನಿಯರುಗಳಿದ್ದೆವು. ಆಕ್ಸಿಜನ್ ಸಾಕಾಗುತ್ತದೋ ಇಲ್ಲವೋ ಅನ್ನುವುದು ಒಂದು ಗುಣಾಕಾರದ ಲೆಕ್ಕ, ಎಂಟನೇ ಕ್ಲಾಸಿನದು. ಅದನ್ನು ಒಬ್ಬರೂ ಮಾಡಲಿಲ್ಲ. ಯಾಕೆಂದರೆ ಕೇಳಬೇಕಾದ ಪ್ರಶ್ನೆ ಯಾವುದು ಅಂತಲೇ ಗೊತ್ತಿರಲಿಲ್ಲ.

ಈ ಪುಸ್ತಿಕೆ ಓದುವ ನಮ್ಮಲ್ಲಿ ಬಹಳಷ್ಟು ಜನರಿಗೆ ಇಂಥ ಫೋನ್ ಒಂದಲ್ಲ ಒಂದು ದಿನ ಬರುತ್ತದೆ. ಅದಕ್ಕೆ ಆ ರಾತ್ರಿಯ ನಂತರ ನಾವು ಓದಿಕೊಂಡದ್ದನ್ನು ಪಾಠದ ಹಾಗೆ ಇಲ್ಲಿ ಬರೆದಿದ್ದೇವೆ. ನಾವು ಡಾಕ್ಟರುಗಳಲ್ಲ. ರೋಗಿಗೆ ಏನು ಬೇಕು ಎಂದು ಹೇಳಬೇಕಾದವರು ಡಾಕ್ಟರು. ಅವರು ಹೇಳಿದ್ದು ಆ ಗಾಡಿಯೊಳಗೆ ಇದೆಯೋ ಇಲ್ಲವೋ ನೋಡುವುದು ಮಾತ್ರ ನಮ್ಮಿಂದ ಆಗುವ ಕೆಲಸ.

1. ಎರಡು ಬೇರೆ ಬೇರೆ ಪ್ರಯಾಣಗಳು

ಮೊದಲನೆಯದು ತುರ್ತು ಪ್ರಯಾಣ. ಅಪಘಾತ, ಎದೆನೋವು, ಪ್ರಜ್ಞೆ ತಪ್ಪಿದ್ದು. ಇದಕ್ಕೆ ಕರ್ನಾಟಕದಲ್ಲಿ 108 ಇದೆ. 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಶುರುವಾದದ್ದು. ಉಚಿತ ಸೇವೆ. ಅದರಲ್ಲಿ ಚಾಲಕನ ಜೊತೆ ತರಬೇತಿ ಪಡೆದ ತುರ್ತು ಚಿಕಿತ್ಸಾ ಸಿಬ್ಬಂದಿ ಒಬ್ಬರಿರುತ್ತಾರೆ. ಇಲ್ಲಿ ಯುಎಇಯಲ್ಲಿ ಆಂಬುಲೆನ್ಸಿಗೆ 998. ಇಂಥ ಹೊತ್ತಿನಲ್ಲಿ ಪ್ರಶ್ನೆ ಕೇಳುತ್ತಾ ಕೂರಬಾರದು, ಮೊದಲು ಫೋನ್ ಮಾಡಬೇಕು.

ಎರಡನೆಯದು ವರ್ಗಾವಣೆ, ಅಂದರೆ ಶಿಫ್ಟಿಂಗ್. ರೋಗಿ ಆಗಲೇ ಒಂದು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾರೆ, ಇನ್ನೊಂದು ಆಸ್ಪತ್ರೆಯ ಹಾಸಿಗೆಗೆ ಹೋಗಬೇಕು. ಊರಲ್ಲಿ ಖಾಸಗಿ ಆಂಬುಲೆನ್ಸುಗಳ ದೊಡ್ಡ ಕೆಲಸ ಇದೇ. ಡಯಾಲಿಸಿಸ್‌ಗೆ ಕರೆದೊಯ್ಯುವುದು, ಡಿಸ್ಚಾರ್ಜ್ ಆದವರನ್ನು ಮನೆಗೆ ಬಿಡುವುದು ಕೂಡ ಇದರಲ್ಲೇ ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಸಮಯ ಇರುತ್ತದೆ. ನಮ್ಮ ಪಾಠ ಈ ಎರಡನೇ ಪ್ರಯಾಣದ್ದು.

ಎರಡು ಹಾಸಿಗೆಗಳ ನಡುವಿನ ಆ ಎರಡು ಮೂರು ಗಂಟೆ ಆಂಬುಲೆನ್ಸೇ ಆಸ್ಪತ್ರೆಯ ಕೋಣೆ. ವಾರ್ಡಿನಲ್ಲಿ ಇದ್ದ ಆಕ್ಸಿಜನ್, ಮಾನಿಟರ್, ನೋಡಿಕೊಳ್ಳುವ ಮನುಷ್ಯ, ಫೈಲು ಎಲ್ಲವೂ ಆ ಕೋಣೆಯಲ್ಲೂ ಇರಬೇಕು, ಜೊತೆಗೆ ಆ ಕೋಣೆ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡಬೇಕು. ಆಂಬುಲೆನ್ಸಿನ ಗುಣಮಟ್ಟ ಎಂದರೆ ಇದು.

2. ಮಲಗಿಸಲು ಜಾಗ ಇದ್ದರೆ ಸಾಕೇ?

1966ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಅಪಘಾತದ ಸಾವುಗಳ ಬಗ್ಗೆ ಒಂದು ವರದಿ ತಂದಿತು. ಅದರಲ್ಲಿ ಒಂದು ಸಂಗತಿ ಓದಿ ನಾವು ದಂಗಾದೆವು. ಆ ಕಾಲಕ್ಕೆ ಆ ದೇಶದ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧದಷ್ಟನ್ನು ನಡೆಸುತ್ತಿದ್ದವರು ಅಂತ್ಯಸಂಸ್ಕಾರ ಮಾಡಿಸುವ ವ್ಯಾಪಾರಿಗಳು, ಸುಮಾರು 12,000 ಮಂದಿ. ಕಾರಣ ಸರಳ: ಮನುಷ್ಯನನ್ನು ಮಲಗಿಸಿ ಸಾಗಿಸುವಷ್ಟು ಉದ್ದದ ಗಾಡಿ ಅವರ ಹತ್ತಿರ ಇತ್ತು. ಆ ವರದಿಯ ನಂತರವೇ ಅಲ್ಲಿ ಗಾಡಿಗೂ ಸಿಬ್ಬಂದಿಗೂ ನಿಯಮಗಳು ಬಂದವು.

ನಮ್ಮಲ್ಲೂ ಬಹಳ ಕಾಲ ಇದೇ ಲೆಕ್ಕ ಇತ್ತು. ಹಿಂದಿನ ಸೀಟು ತೆಗೆದ ಮಾರುತಿ ಓಮ್ನಿ, ಒಂದು ಸ್ಟ್ರೆಚರ್, ಮೇಲೊಂದು ದೀಪ, ಮುಂದೆ ತಿರುಗುಮುರುಗಾಗಿ ಬರೆದ ಆಂಬುಲೆನ್ಸ್ ಎಂಬ ಅಕ್ಷರ. ಅದರಿಂದ ಎಷ್ಟೋ ಜನ ಉಳಿದಿದ್ದಾರೆ, ಆ ಚಾಲಕರನ್ನು ನಾವು ಹಗುರವಾಗಿ ನೋಡುವುದಿಲ್ಲ. ಗಾಡಿಯೇ ಇಲ್ಲದ ಊರಲ್ಲಿ ಓಮ್ನಿ ದೇವರ ಹಾಗೆ ಬಂದು ನಿಂತದ್ದು ಸುಳ್ಳಲ್ಲ. ಆದರೆ ಒಳಗೆ ಏನಿರಬೇಕು ಅಂತ ಆಗ ಯಾರೂ ಬರೆದಿಟ್ಟಿರಲಿಲ್ಲ.

ಭಾರತದಲ್ಲಿ ಅದನ್ನು ಬರೆದಿಟ್ಟದ್ದು ಎಐಎಸ್-125 ಎಂಬ ಮಾನದಂಡ. ರಸ್ತೆ ಆಂಬುಲೆನ್ಸಿನ ರಚನೆ ಹೇಗಿರಬೇಕು, ಅದು ಏನೇನು ಕೆಲಸ ಮಾಡಬೇಕು ಎಂಬುದು ಅದರ ವಿಷಯ. 2016ರ ಸೆಪ್ಟೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದನ್ನು ಸೇರಿಸಿ, 2018ರ ಏಪ್ರಿಲ್ 1ರಿಂದ ಜಾರಿಗೆ ತಂದರು. ಹೊಸ ಗಾಡಿಗಳ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಆದರೆ ಇದು ಮುಖ್ಯವಾಗಿ ಗಾಡಿಯ ಬಗ್ಗೆ ಹೇಳುತ್ತದೆ. ಇವತ್ತು ರಾತ್ರಿ ಆ ಗಾಡಿಯ ಸಿಲಿಂಡರ್ ತುಂಬಿದೆಯೋ ಇಲ್ಲವೋ ಅನ್ನುವುದನ್ನು ಯಾವ ಮಾನದಂಡವೂ ಹೇಳಲಾರದು. ಅದನ್ನು ಹೋಗಿ ನೋಡಬೇಕು.

3. ಅಕ್ಷರಗಳ ಗೊಂದಲ

ಎಐಎಸ್-125 ಆಂಬುಲೆನ್ಸುಗಳನ್ನು ನಾಲ್ಕು ಬಗೆ ಮಾಡಿದೆ.

ಟೈಪ್ ಎ: ಮೊದಲು ಸ್ಥಳಕ್ಕೆ ತಲುಪಿ ಪ್ರಥಮ ನೆರವು ಕೊಡುವ ವಾಹನ.
ಟೈಪ್ ಬಿ: ರೋಗಿ ಸಾಗಣೆ ವಾಹನ. ದಾರಿಯಲ್ಲಿ ಚಿಕಿತ್ಸೆ ಬೇಕಾಗದ, ಸ್ಥಿರವಾಗಿರುವ ರೋಗಿಗೆ.
ಟೈಪ್ ಸಿ: ಬೇಸಿಕ್ ಲೈಫ್ ಸಪೋರ್ಟ್, ಅಂದರೆ ಬಿಎಲ್‌ಎಸ್.
ಟೈಪ್ ಡಿ: ಅಡ್ವಾನ್ಸ್ಡ್ ಲೈಫ್ ಸಪೋರ್ಟ್, ಅಂದರೆ ಎಎಲ್‌ಎಸ್. ಜನ 'ಐಸಿಯು ಆಂಬುಲೆನ್ಸ್' ಅನ್ನುವುದು ಇದಕ್ಕೆ.

ಯುರೋಪಿನ ಇಎನ್ 1789 ಎಂಬ ಮಾನದಂಡದಲ್ಲೂ ಅಕ್ಷರಗಳೇ ಇವೆ, ಆದರೆ ಅರ್ಥ ಬೇರೆ. ಅಲ್ಲಿ ಎ ಎಂದರೆ ರೋಗಿ ಸಾಗಣೆ, ಬಿ ಎಂದರೆ ತುರ್ತು ಆಂಬುಲೆನ್ಸ್, ಸಿ ಎಂದರೆ ಓಡುವ ಐಸಿಯು. ಅಂದರೆ ಜರ್ಮನಿಯಲ್ಲಿ ಓದುವ ಗೆಳೆಯ 'ಟೈಪ್ ಬಿ ಸಾಕು' ಅಂದರೆ ಒಂದು ಅರ್ಥ, ಹೊನ್ನಾವರದಲ್ಲಿ ಅಂದರೆ ಇನ್ನೊಂದು. ಆದ್ದರಿಂದ ಅಕ್ಷರ ಕೇಳಬೇಡಿ. ಗಾಡಿಯ ಮೈಮೇಲೆ ಬರೆದ ಐಸಿಯು ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಒಳಗಿರುವ ವಸ್ತುಗಳ ಹೆಸರು ಹಿಡಿದು ಕೇಳಿ: ಮಾನಿಟರ್ ಇದೆಯಾ? ಸಕ್ಷನ್ ಇದೆಯಾ? ಡಿಫಿಬ್ರಿಲೇಟರ್ ಇದೆಯಾ? ವೆಂಟಿಲೇಟರ್ ಇದೆಯಾ, ಅದು ಓಡುತ್ತದಾ, ಅದರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಎಸಿ ಇರಲಿ ಬೇಡ ಎನ್ನುತ್ತಿಲ್ಲ. ಅದು ಈ ಪಟ್ಟಿಯ ಕೊನೆಯಲ್ಲಿ ಬರುವ ಪ್ರಶ್ನೆ.

4. ಆಕ್ಸಿಜನ್ ಲೆಕ್ಕ

ಇದೇ ನಾವು ಮಾಡದೆ ಬಿಟ್ಟ ಲೆಕ್ಕ. ಊರ ಕಡೆ ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಕಾಣುವುದು ಬಿ-ಟೈಪ್ ಸಿಲಿಂಡರ್ (ಗಾಡಿಯ ಟೈಪ್ ಬಿಗೂ ಇದಕ್ಕೂ ಸಂಬಂಧ ಇಲ್ಲ). ಕಪ್ಪು ಮೈ, ಬಿಳಿ ಹೆಗಲು. ಅದರೊಳಗೆ ನೀರು ತುಂಬಿದರೆ ಸುಮಾರು 10 ಲೀಟರ್ ಹಿಡಿಯುತ್ತದೆ. ಆಕ್ಸಿಜನನ್ನು ಸುಮಾರು 150 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಹಾಗಾದರೆ,

ಒಳಗಿರುವ ಆಕ್ಸಿಜನ್ = 10 ಲೀಟರ್ × 150 = 1500 ಲೀಟರ್.

ಇದಕ್ಕಿಂತ ದೊಡ್ಡದು ಡಿ-ಟೈಪ್. ಅದರಲ್ಲಿ ಸುಮಾರು 7000 ಲೀಟರ್ ಇರುತ್ತದೆ.

ಈಗ ಡಾಕ್ಟರು ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕು ಎಂದಿದ್ದಾರೆ ಅಂತಿಟ್ಟುಕೊಳ್ಳಿ. ಪೂರ್ತಿ ತುಂಬಿದ ಬಿ-ಟೈಪ್ ಸಿಲಿಂಡರ್ 150 ನಿಮಿಷ ಬರುತ್ತದೆ, ಅಂದರೆ ಎರಡೂವರೆ ಗಂಟೆ. ಹೊನ್ನಾವರದಿಂದ ಮಣಿಪಾಲಕ್ಕೆ ಆ ಮಳೆಯಲ್ಲಿ ಮೂರು ಗಂಟೆ ಅಂತ ಚಾಲಕರೇ ಹೇಳಿದ್ದರು. ಸಿಲಿಂಡರ್ ತುಂಬಿದ್ದರೂ ಅರ್ಧ ಗಂಟೆ ಕಡಿಮೆ ಬೀಳುತ್ತಿತ್ತು. ಅದು ತುಂಬಿರಲೂ ಇಲ್ಲ. ಮುಳ್ಳು 120ರಲ್ಲಿತ್ತು ಅಂತ ಚಿಕ್ಕಪ್ಪ ಆಮೇಲೆ ನೆನಪು ಮಾಡಿಕೊಂಡರು. 1200 ಲೀಟರ್, 120 ನಿಮಿಷ. ಎರಡು ಗಂಟೆಗೆ ಕುಂದಾಪುರ. ಲೆಕ್ಕ ನಿಮಿಷ ತಪ್ಪದೆ ನಡೆದಿತ್ತು, ನೋಡಿದವರು ಇರಲಿಲ್ಲ ಅಷ್ಟೇ.

ಸರಿಯಾದ ಕ್ರಮ ಹೀಗೆ:

(ಅ) ಬೇಕಾದದ್ದು = ನಿಮಿಷಕ್ಕೆ ಎಷ್ಟು ಲೀಟರ್ × ಎಷ್ಟು ನಿಮಿಷ. ಇಲ್ಲಿ 10 × 180 = 1800 ಲೀಟರ್.
(ಆ) ಅದರ ಅರ್ಧದಷ್ಟು ಹೆಚ್ಚಿಗೆ ಸೇರಿಸಿ. ಟ್ರಾಫಿಕ್ ಜಾಮ್, ಪಂಕ್ಚರ್, ಆಸ್ಪತ್ರೆಯ ಬಾಗಿಲಲ್ಲಿ ಕಾಯುವುದು ಎಲ್ಲ ಇದರಲ್ಲಿ ಬರುತ್ತದೆ. 1800 + 900 = 2700 ಲೀಟರ್.
(ಇ) ಇರುವುದು = (ಮುಳ್ಳು ತೋರಿಸುವ ಬಾರ್ − 10) × 10. ಕೊನೆಯ 10 ಬಾರನ್ನು ಲೆಕ್ಕಕ್ಕೆ ಹಿಡಿಯಬೇಡಿ. ತುಂಬಿದ ಒಂದು ಸಿಲಿಂಡರಿಗೆ 1400, ಎರಡಕ್ಕೆ 2800 ಲೀಟರ್.

ಅಂದರೆ ಎರಡು ತುಂಬಿದ ಸಿಲಿಂಡರ್ ಇದ್ದರೆ ಆ ಪ್ರಯಾಣಕ್ಕೆ ಸಾಕು, ಒಂದಿದ್ದರೆ ಸಾಲದು. ಮುಳ್ಳು ಪಿಎಸ್‌ಐಯಲ್ಲಿ ತೋರಿಸಿದರೆ 14.5ರಿಂದ ಭಾಗಿಸಿ ಬಾರ್ ಮಾಡಿಕೊಳ್ಳಿ. ಕೆಜಿ ಪ್ರತಿ ಚದರ ಸೆಂ.ಮೀ. ಎಂದಿದ್ದರೆ ಬಾರ್ ಎಂದೇ ಹಿಡಿದರೂ ದೊಡ್ಡ ವ್ಯತ್ಯಾಸ ಇಲ್ಲ. ಊರಲ್ಲಿ ಇರುವವರಿಗೆ ಲೆಕ್ಕ ಮಾಡಲು ಪುರುಸೊತ್ತಿಲ್ಲದಿದ್ದರೆ "ಮುಳ್ಳಿನ ಫೋಟೋ ತೆಗೆದು ಕಳಿಸಿ" ಎನ್ನಿ. ಲೆಕ್ಕ ನಾವು ಇಲ್ಲಿ ಮಾಡಬಹುದು. ದೂರದಲ್ಲಿದ್ದವರಿಂದ ನಿಜವಾಗಿ ಆಗುವ ಉಪಕಾರ ಇದು.

5. ಕಟ್ಟದೇ ಇದ್ದದ್ದು ಹಾರುತ್ತದೆ

2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ಕುಂದಾಪುರದತ್ತ ರೋಗಿಯನ್ನು ಕರೆದೊಯ್ಯುತ್ತಿದ್ದ ಒಂದು ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೆ ಸಿಕ್ಕಿತು. ಮಳೆಯಲ್ಲಿ ಒದ್ದೆಯಾದ ರಸ್ತೆ. ಟೋಲ್ ಸಿಬ್ಬಂದಿ ಓಡೋಡಿ ಬಂದು ದಾರಿಯ ಬ್ಯಾರಿಕೇಡ್ ಎಳೆಯುತ್ತಿದ್ದಾಗಲೇ ಗಾಡಿ ಜಾರಿ ತಿರುಗಿ ಟೋಲ್ ಕಟ್ಟೆಗೆ ಬಡಿಯಿತು. ರೋಗಿಯೂ ಸೇರಿ ನಾಲ್ವರು ತೀರಿಕೊಂಡರು. ಸಿಸಿಟಿವಿ ದೃಶ್ಯ ಎಲ್ಲರ ಮೊಬೈಲಿಗೂ ಬಂದಿತ್ತು, ಒಳಗಿದ್ದವರು ಹೊರಗೆ ಎಸೆಯಲ್ಪಡುವುದು ಅದರಲ್ಲಿ ಕಾಣುತ್ತದೆ. ನಮ್ಮ ಗೆಳೆಯನ ಅಪ್ಪ ಹೋದದ್ದೂ ಅದೇ ರಸ್ತೆಯಲ್ಲಿ.

ಆ ಅಪಘಾತದ ನಂತರ ಉತ್ತರ ಕನ್ನಡದಲ್ಲಿ 'ನಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು' ಎಂಬ ಹಳೆಯ ಕೂಗು ಮತ್ತೆ ಎದ್ದಿತು. ಆಸ್ಪತ್ರೆ ಕೊಡದಿದ್ದರೆ ಮತ ಇಲ್ಲ ಎಂಬ ಮಾತೂ ಬಂತು. ಆ ಕೂಗು ನ್ಯಾಯದ್ದೇ. ಜಿಲ್ಲೆಯ ಜನ ಗಂಭೀರ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಗಂಟೆಗಟ್ಟಲೆ ಆಂಬುಲೆನ್ಸಿನಲ್ಲೇ ಕಳೆಯಬೇಕಾಗಿದೆ. ಆಸ್ಪತ್ರೆ ಬರುವ ತನಕ ಆ ಗಂಟೆಗಳನ್ನು ಸುರಕ್ಷಿತವಾಗಿಸುವುದು ಹೇಗೆ ಎಂಬುದು ಅದರ ಜೊತೆಗೇ ಕೇಳಬೇಕಾದ ಪ್ರಶ್ನೆ.

ಸ್ವಲ್ಪ ಫಿಸಿಕ್ಸ್ ನೋಡೋಣ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಗಾಡಿ ತಟ್ಟನೆ ನಿಂತರೂ ಬೆಲ್ಟ್ ಹಾಕದ ಮನುಷ್ಯ ಅದೇ ವೇಗದಲ್ಲಿ ಮುಂದೆ ಹೋಗುತ್ತಾನೆ. ಈ ವೇಗ ಸುಮಾರು 14 ಮೀಟರ್ ಎತ್ತರದಿಂದ ಬಿದ್ದಾಗ ಬರುವ ವೇಗಕ್ಕೆ ಸಮ. ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ಅದು ನಾಲ್ಕನೇ ಮಹಡಿಯ ಬಾಲ್ಕನಿ.

ಇಎನ್ 1789 ಮಾನದಂಡ ಏನು ಹೇಳುತ್ತದೆಂದರೆ, ಆಂಬುಲೆನ್ಸಿನೊಳಗಿನ ಸ್ಟ್ರೆಚರ್, ಅದರ ಮೇಲಿನ ಮನುಷ್ಯ, ಉಪಕರಣ ಎಲ್ಲವೂ 10 ಜಿ ಬಲಕ್ಕೆ ಕಿತ್ತು ಬರಬಾರದು. ಮುಂದೆ, ಹಿಂದೆ, ಅಡ್ಡ, ಮೇಲೆ ಕೆಳಗೆ ಎಲ್ಲ ದಿಕ್ಕಿಗೂ. 10 ಜಿ ಎಂದರೆ ತನ್ನ ತೂಕದ ಹತ್ತು ಪಟ್ಟು ಬಲ. 60 ಕೆಜಿಯ ರೋಗಿಯನ್ನು ಹಿಡಿದಿರುವ ಪಟ್ಟಿ ಆ ಕ್ಷಣಕ್ಕೆ 600 ಕೆಜಿ ಹಿಡಿಯಬೇಕು. ಸುಮಾರು 15 ಕೆಜಿಯ ಆಕ್ಸಿಜನ್ ಸಿಲಿಂಡರ್ 150 ಕೆಜಿಯ ಹಾಗೆ ಎಳೆಯುತ್ತದೆ. ಅದನ್ನು ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಪರೀಕ್ಷೆ ಮಾಡಲು ಲ್ಯಾಬ್ ಬೇಕು. ಮೂರು ವಿಷಯವನ್ನಂತೂ ಯಾರು ಬೇಕಾದರೂ ಕಣ್ಣಲ್ಲೇ ನೋಡಬಹುದು. ಸ್ಟ್ರೆಚರ್ ನೆಲಕ್ಕೆ ಲಾಕ್ ಆಗಿದೆಯಾ? ಕೈಯಲ್ಲಿ ಹಿಡಿದು ಅಲ್ಲಾಡಿಸಿ. ರೋಗಿಗೆ ಎದೆ, ಸೊಂಟ, ಕಾಲಿಗೆ ಪಟ್ಟಿ ಹಾಕಿದ್ದಾರಾ, ಹೆಗಲಿನ ಮೇಲಿಂದಲೂ ಬಂದಿದೆಯಾ? ಹೆಗಲ ಪಟ್ಟಿ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ದೇಹ ತಲೆಯ ಕಡೆಗೆ ಜಾರುತ್ತದೆ. ಸಿಲಿಂಡರ್ ಕ್ಲ್ಯಾಂಪಿನಲ್ಲಿ ಕೂತಿದೆಯಾ?

ನಾಲ್ಕನೆಯದು ನಮ್ಮವರ ಬಗ್ಗೆ. ಊರಲ್ಲಿ ಒಬ್ಬ ರೋಗಿಯ ಜೊತೆ ಐದಾರು ಜನ ಹತ್ತಿ ಕೂರುತ್ತಾರೆ. ಪ್ರೀತಿಯಿಂದಲೇ ಹತ್ತುತ್ತಾರೆ. ಬೆಲ್ಟ್ ಇರುವ ಸೀಟು ಎಷ್ಟಿದೆಯೋ ಅಷ್ಟೇ ಜನ ಗಾಡಿಯಲ್ಲಿ, ಉಳಿದವರು ಬೇರೆ ಕಾರಿನಲ್ಲಿ ಎಂದು ಗಟ್ಟಿಯಾಗಿ ಹೇಳಬೇಕು. ಯುಎಇಯಲ್ಲಿ 2017ರ ಜುಲೈಯಿಂದ ಕಾರಿನ ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಇಲ್ಲಿ ಒಂದು ತಿಂಗಳಲ್ಲಿ ರೂಢಿಯಾಗುವ ನಮಗೆ ಊರಿನ ವಿಮಾನ ನಿಲ್ದಾಣದಿಂದ ಹೊರಬಂದ ತಕ್ಷಣ ಮರೆತುಹೋಗುತ್ತದೆ.

6. ಒಳಗೆ ಯಾರಿದ್ದಾರೆ?

ಉಪಕರಣ ಇದ್ದು ಅದನ್ನು ಬಳಸಲು ಬರುವವರು ಇಲ್ಲದಿದ್ದರೆ ಅದು ಬರೀ ಭಾರ. ಯುಎಇಯಲ್ಲಿ ಪ್ಯಾರಾಮೆಡಿಕ್ ಆಗಿ ಕೆಲಸ ಮಾಡಲು ಪರವಾನಗಿ ಬೇಕು. ದುಬೈಯಲ್ಲಿ ದುಬೈ ಆರೋಗ್ಯ ಪ್ರಾಧಿಕಾರ, ಅಬುಧಾಬಿಯಲ್ಲಿ ಅಲ್ಲಿಯ ಆರೋಗ್ಯ ಇಲಾಖೆ ಕೊಡುತ್ತದೆ. ಊರಿನ ಕೆಲವು ಖಾಸಗಿ ಗಾಡಿಗಳಲ್ಲಿ ಚಾಲಕನೊಬ್ಬನೇ ಇರುತ್ತಾನೆ. ಕೇಳಿದರೆ "ನರ್ಸ್ ಬೇಕಾದ್ರೆ ಬೇರೆ ಚಾರ್ಜು" ಅನ್ನುತ್ತಾರೆ. ಆ ಚಾರ್ಜಿನಲ್ಲಿ ಉಳಿತಾಯ ಮಾಡಬಾರದು. ಆಕ್ಸಿಜನ್ ಮೇಲೆ ಇರುವ ರೋಗಿಯ ಪಕ್ಕ ತರಬೇತಿ ಇರುವ ಒಬ್ಬರು ಕೂರಲೇಬೇಕು, ಚಾಲಕ ಹಿಂದೆ ತಿರುಗಿ ನೋಡುತ್ತಾ ಓಡಿಸುವ ಹಾಗಾಗಬಾರದು. ಚಾಲಕರ ವಿಷಯದಲ್ಲೂ ಒಂದು ಪ್ರಶ್ನೆ ಇದೆ: ಅವರು ಕೊನೆಯ ಸಲ ನಿದ್ದೆ ಮಾಡಿದ್ದು ಯಾವಾಗ? ದೂರದ ದಾರಿಗೆ ಇಬ್ಬರು ಚಾಲಕರನ್ನು ಕೇಳಿ.

ದರದ ಬಗ್ಗೆ ಒಂದು ಮಾತು. ಕೊರೊನಾ ಕಾಲದಲ್ಲಿ ಆಂಬುಲೆನ್ಸಿನವರು ಬಾಯಿಗೆ ಬಂದ ದರ ಕೇಳುತ್ತಿದ್ದಾರೆ ಎಂಬ ದೂರು ಸುಪ್ರೀಂ ಕೋರ್ಟಿನ ತನಕ ಹೋಯಿತು. 2020ರ ಸೆಪ್ಟೆಂಬರಿನಲ್ಲಿ ಕೋರ್ಟು ರಾಜ್ಯಗಳು ನ್ಯಾಯವಾದ ದರ ನಿಗದಿ ಮಾಡಬೇಕು ಎಂದಿತು. ದರ ಮೊದಲೇ ಮಾತಾಡಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಆಕ್ಸಿಜನ್, ಸಿಬ್ಬಂದಿ, ವಾಪಸ್ ಬರುವ ಖರ್ಚು ಸೇರಿದೆಯಾ ಕೇಳಿ.

7. ಝೀರೋ ಟ್ರಾಫಿಕ್

ಆಂಬುಲೆನ್ಸ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ವೇಗ. 2020ರ ಫೆಬ್ರುವರಿಯಲ್ಲಿ 40 ದಿನದ ಒಂದು ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಿದಾಗ ದಾರಿಯುದ್ದಕ್ಕೂ ಜನ ನಿಂತು ದಾರಿ ಬಿಡಿಸಿದ್ದರು. ಆ ವಿಡಿಯೋ ನೋಡಿ ಕಣ್ಣು ಒದ್ದೆಯಾದವರಲ್ಲಿ ನಾವೂ ಇದ್ದೇವೆ. ಆ ಚಾಲಕರ ಕೌಶಲ, ಪೊಲೀಸರ ಮತ್ತು ಜನರ ಸಹಕಾರ ದೊಡ್ಡದೇ.

ಅದಕ್ಕಿಂತ ಸುಮಾರು ಒಂದು ವರ್ಷ ಮೊದಲು, 2019ರ ಏಪ್ರಿಲಿನಲ್ಲಿ, ಕಾಸರಗೋಡಿನ ದಂಪತಿಯ ಎಳೆ ಮಗುವೊಂದನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ತಿರುವನಂತಪುರಕ್ಕೆ ಹೊರಡಿಸಿದ್ದರು. ಆರುನೂರು ಕಿಲೋಮೀಟರಿನ ಆಸುಪಾಸು ದಾರಿ. ಗಾಡಿ ಓಡುತ್ತಿರುವಾಗಲೇ ಕೇರಳ ಸರ್ಕಾರ ಮಧ್ಯೆ ಬಂದು, ಅಷ್ಟು ದೂರ ಬೇಡ, ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲೇ ವ್ಯವಸ್ಥೆ ಆಗಿದೆ ಎಂದು ತಿಳಿಸಿತು. ಗಾಡಿ ಅಲ್ಲಿಗೇ ಹೋಯಿತು. ಸುದ್ದಿಯಾದದ್ದು ವೇಗ. ನಮಗೆ ಪಾಠವಾಗಿ ಕಂಡದ್ದು ಆ ಒಂದು ಫೋನ್ ಕರೆ. ಹತ್ತಿರದ ಸರಿಯಾದ ಆಸ್ಪತ್ರೆಯಲ್ಲಿ ಹಾಸಿಗೆ ಖಚಿತ ಮಾಡಿಕೊಂಡರೆ, ಯಾವ ಚಾಲಕನೂ ಉಳಿಸಲಾರದಷ್ಟು ಸಮಯ ಉಳಿಯುತ್ತದೆ.

ಕಾನೂನು ಎರಡೂ ಕಡೆ ದಾರಿ ಬಿಡದವರ ಮೇಲೆ ಬಿಗಿಯಾಗಿದೆ. ಯುಎಇಯಲ್ಲಿ 3000 ದಿರ್ಹಂ ದಂಡ, 6 ಬ್ಲ್ಯಾಕ್ ಪಾಯಿಂಟ್, 30 ದಿನ ಗಾಡಿ ಜಪ್ತಿ. ಭಾರತದಲ್ಲಿ 2019ರ ತಿದ್ದುಪಡಿಯ ನಂತರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಹೊರಗಿನವರಿಗೆ ಇಷ್ಟು ಹೇಳುವ ನಾವು ಒಳಗಿನ ಸಿಲಿಂಡರಿನ ಮುಳ್ಳನ್ನು ಒಮ್ಮೆ ನೋಡುವ ರೂಢಿಯನ್ನೂ ಮಾಡಿಕೊಳ್ಳಬೇಕು.

8. ಗಡಿ ದಾಟುವಾಗ

ಎರಡು ನಹ್ದಾಗಳ ನಡುವೆ ಎಮಿರೇಟಿನ ಗಡಿ ಇದೆ. ದುಬೈ ಕಡೆ ಆಂಬುಲೆನ್ಸ್ ನೋಡಿಕೊಳ್ಳುವುದು ದುಬೈ ಆಂಬುಲೆನ್ಸ್ ಸೇವಾ ನಿಗಮ. ಶಾರ್ಜಾ ಕಡೆ ತುರ್ತು ಸೇವೆಗೆ 2014ರಿಂದ ನ್ಯಾಷನಲ್ ಆಂಬುಲೆನ್ಸ್ ಬಂದಿದೆ. ಕರೆಯುವ ಸಂಖ್ಯೆ ಎರಡೂ ಕಡೆ 998. ಆದ್ದರಿಂದ ಇಲ್ಲಿ ಫೋನ್ ಮಾಡುವಾಗ "ಅಲ್ ನಹ್ದಾ" ಎಂದಷ್ಟೇ ಹೇಳಿದರೆ ಸಾಲದು, ದುಬೈ ಅಥವಾ ಶಾರ್ಜಾ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ದುಬೈ ಕಡೆಯ ಕಟ್ಟಡಗಳ ಬಾಗಿಲ ಹತ್ತಿರ ಹತ್ತು ಅಂಕಿಯ 'ಮಕಾನಿ' ಸಂಖ್ಯೆಯ ಫಲಕ ಇರುತ್ತದೆ. ಅದು ಆ ಬಾಗಿಲಿನ ನಿಖರ ವಿಳಾಸ. ನಾವು ನಮ್ಮದನ್ನು ಫೋಟೋ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದೇವೆ.

ಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದು ನಮ್ಮ ಕಾಸರಗೋಡಿನ ಗೆಳೆಯರಿಗೆ ಚೆನ್ನಾಗಿ ಗೊತ್ತು. ಮಂಜೇಶ್ವರ, ಕುಂಬಳೆ, ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿತು, ಸಣ್ಣ ದಾರಿಗಳಿಗೆ ಮಣ್ಣು ಸುರಿಯಲಾಯಿತು, ಆಂಬುಲೆನ್ಸುಗಳೂ ವಾಪಸಾದವು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರಂದು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆಯವರು ಒಪ್ಪಿದ್ದಾರೆ ಎಂದು ಕೋರ್ಟಿಗೆ ತಿಳಿಸಲಾಯಿತು. ಗಾಡಿ, ಆಕ್ಸಿಜನ್, ಸಿಬ್ಬಂದಿ ಎಲ್ಲ ಇದ್ದರೂ ಕಾಗದ ಇಲ್ಲದೆ ರೋಗಿ ನಿಲ್ಲಬೇಕಾಗಬಹುದು ಎಂಬುದು ಆ ದಿನಗಳ ಪಾಠ.

ಹಾಗಾಗಿ ಗಾಡಿಯ ಜೊತೆ ಫೈಲೂ ಹೋಗಬೇಕು: ಕಳಿಸುವ ಡಾಕ್ಟರ ಪತ್ರ, ಈಗ ಕೊಟ್ಟ ಔಷಧಿಗಳ ಪಟ್ಟಿ ಮತ್ತು ಸಮಯ, ಸ್ಕ್ಯಾನ್ ವರದಿ, ಅಲರ್ಜಿ ಇದ್ದರೆ ಅದು. ಇಲ್ಲಿಂದ ಊರಿಗೆ ರೋಗಿಯನ್ನು ವಿಮಾನದಲ್ಲಿ ಕಳಿಸುವವರಿಗೂ ಇದೇ ಮಾತು. ಅದಕ್ಕೆ ಡಾಕ್ಟರು ತುಂಬಿಸಿ ಕೊಡುವ ಮೆಡಿಫ್ ಎಂಬ ಫಾರ್ಮ್ ಇದೆ, ವಿಮಾನ ಕಂಪನಿ ಒಪ್ಪಿದ ಮೇಲೆಯೇ ಟಿಕೆಟ್. ವಿಮಾನದ ಎರಡೂ ತುದಿಯಲ್ಲಿ ಆಂಬುಲೆನ್ಸ್ ಬೇಕು, ಅಲ್ಲಿಯೂ ಈ ಪಟ್ಟಿಯೇ ಅನ್ವಯ.

9. ಫೋನಿನಲ್ಲಿ ಕೇಳಬೇಕಾದ ಎಂಟು ಪ್ರಶ್ನೆಗಳು

ಮೊದಲ ಮೂರು ಡಾಕ್ಟರಿಗೆ, ಉಳಿದವು ಆಂಬುಲೆನ್ಸಿನವರಿಗೆ.

1. ದಾರಿಯಲ್ಲಿ ರೋಗಿಗೆ ಏನೇನು ಬೇಕು? ಆಕ್ಸಿಜನ್ ನಿಮಿಷಕ್ಕೆ ಎಷ್ಟು ಲೀಟರ್?
2. ಜೊತೆಯಲ್ಲಿ ಯಾರಿರಬೇಕು? ನರ್ಸ್ ಸಾಕೇ, ಡಾಕ್ಟರ್ ಬೇಕೇ?
3. ಹೋಗುವ ಆಸ್ಪತ್ರೆಯಲ್ಲಿ ಹಾಸಿಗೆ ಖಚಿತವೇ? ಅಲ್ಲಿ ಯಾರ ಹತ್ತಿರ ಮಾತಾಡಿದ್ದೀರಿ?
4. ಸಿಲಿಂಡರ್ ಎಷ್ಟು, ಯಾವ ಗಾತ್ರ, ಮುಳ್ಳು ಎಷ್ಟರಲ್ಲಿದೆ? ಫೋಟೋ ಕಳಿಸಿ.
5. ಡಾಕ್ಟರು ಹೇಳಿದ ಉಪಕರಣ ಗಾಡಿಯಲ್ಲಿದೆಯೇ, ಈಗ ಆನ್ ಮಾಡಿ ತೋರಿಸುತ್ತೀರಾ?
6. ಸ್ಟ್ರೆಚರಿಗೆ ಲಾಕ್, ರೋಗಿಗೆ ಪಟ್ಟಿ, ಸೀಟಿಗೆ ಬೆಲ್ಟ್ ಇದೆಯೇ?
7. ಚಾಲಕರು ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದಾರೆ?
8. ಒಟ್ಟು ದರ ಎಷ್ಟು, ಅದರಲ್ಲಿ ಏನೇನು ಸೇರಿದೆ?

ಇದನ್ನು ಓದಿದ ನಮ್ಮ ಸೀನಿಯರ್ ಒಬ್ಬರು ಸರಿಯಾದ ಆಕ್ಷೇಪ ಎತ್ತಿದರು. "ರಾತ್ರಿ ಹನ್ನೊಂದಕ್ಕೆ ಊರಲ್ಲಿ ಇರೋದೇ ಒಂದು ಗಾಡಿ. ಇಷ್ಟೆಲ್ಲ ಕೇಳಿದ್ರೆ ಅವನೂ ಹೋಗ್ತಾನೆ." ನಿಜ. ಎಷ್ಟೋ ಕಡೆ ಆರಿಸಿಕೊಳ್ಳಲು ಎರಡನೇ ಗಾಡಿಯೇ ಇರುವುದಿಲ್ಲ. ಆದರೆ ಪ್ರಶ್ನೆ ಕೇಳುವುದು ಗಾಡಿ ಬೇಡ ಎನ್ನಲಿಕ್ಕೆ ಅಲ್ಲ. ಒಂದೇ ಸಿಲಿಂಡರ್ ಇದೆ ಅಂತ ಹೊರಡುವ ಮುಂಚೆ ಗೊತ್ತಾದರೆ ಅದೇ ಆಸ್ಪತ್ರೆಯಿಂದ ಇನ್ನೊಂದನ್ನು ಕೇಳಿ ಪಡೆಯಬಹುದು. ನರ್ಸ್ ಇಲ್ಲ ಅಂತ ಗೊತ್ತಾದರೆ ಆಸ್ಪತ್ರೆಯವರನ್ನೇ ಒಬ್ಬರನ್ನು ಕಳಿಸಿ ಎನ್ನಬಹುದು. ದಾರಿಯಲ್ಲಿ ಎಲ್ಲಿ ನಿಲ್ಲಿಸಬಹುದು ಎಂದು ಮೊದಲೇ ಯೋಚಿಸಬಹುದು. ಕುಂದಾಪುರದಲ್ಲಿ ಬೇಡಿಕೊಂಡದ್ದನ್ನು ಹೊನ್ನಾವರದಲ್ಲೇ ಕೇಳಬಹುದಿತ್ತು.

ಅಭ್ಯಾಸ

ಒಂದು: ರೋಗಿಗೆ ನಿಮಿಷಕ್ಕೆ 6 ಲೀಟರ್, ಪ್ರಯಾಣ 4 ಗಂಟೆ. ಒಂದು ಬಿ-ಟೈಪ್ ಸಿಲಿಂಡರ್, ಮುಳ್ಳು 140 ಬಾರ್. ಹೊರಡಬಹುದೇ?

ಎರಡು: ನಿಮಿಷಕ್ಕೆ 5 ಲೀಟರ್, ಪ್ರಯಾಣ 2 ಗಂಟೆ. ಒಂದು ಬಿ-ಟೈಪ್, ಮುಳ್ಳು 1450 ಪಿಎಸ್‌ಐ. ಹೊರಡಬಹುದೇ?

ಉತ್ತರ: ಮೊದಲನೆಯದಕ್ಕೆ 1440 ಲೀಟರ್, ಅರ್ಧ ಸೇರಿಸಿದರೆ 2160 ಬೇಕು. ಇರುವುದು 1300. ಹೊರಡಬಾರದು, ಇನ್ನೊಂದು ತುಂಬಿದ ಸಿಲಿಂಡರ್ ಬೇಕು. ಎರಡನೆಯದಕ್ಕೆ 600, ಅರ್ಧ ಸೇರಿಸಿ 900 ಬೇಕು. 1450 ಪಿಎಸ್‌ಐ ಎಂದರೆ 100 ಬಾರ್, ಇರುವುದು 900. ಹೊರಡಬಹುದು, ಆದರೆ ದಾರಿಯುದ್ದಕ್ಕೂ ಮುಳ್ಳಿನ ಮೇಲೆ ಕಣ್ಣಿರಲಿ.

ನಮ್ಮ ಗೆಳೆಯನ ಅಪ್ಪ ಈಗ ಮನೆಯಲ್ಲಿದ್ದಾರೆ, ತೋಟಕ್ಕೂ ಹೋಗಿ ಬರುತ್ತಾರೆ. ಮೇಲಿನ ಎಂಟು ಪ್ರಶ್ನೆಗಳನ್ನು ಚಿಕ್ಕಪ್ಪ ದೊಡ್ಡ ಅಕ್ಷರದಲ್ಲಿ ಬರೆಸಿ, ಗ್ಯಾಸ್ ಏಜೆನ್ಸಿಯ ನಂಬರಿನ ಪಕ್ಕ ಗೋಡೆಗೆ ಅಂಟಿಸಿದ್ದಾರಂತೆ. ರಜೆಗೆ ಊರಿಗೆ ಹೋಗುವವರು ನಿಮ್ಮ ಮನೆಯ ಗೋಡೆಗೂ ಒಂದು ಪ್ರತಿ ಅಂಟಿಸಿ ಬನ್ನಿ.